ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು ಮಾತ್ರೆ ತಪ್ಪಿಸದಿರುವುದು ಹೇಗೆ

ನನ್ನ ಮಾತ್ರೆ ಮೊದಲ ಸಲ ತಪ್ಪಿದ್ದು ನಾನು ಬೇಡ ಅಂದಿದ್ದಕ್ಕಲ್ಲ. ದಾವಣಗೆರೆ ರೈಲ್ವೆ ಸ್ಟೇಷನ್ ಹೊರಗೆ ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದ್ದೆ. ಎದ್ದಾಗ ತಲೆ ನೆಲದ ಮೇಲಿತ್ತು, ಬ್ಯಾಗ್ ಇರಲಿಲ್ಲ. ಅದರಲ್ಲಿ ಏಳು ದಿನದ ಮಾತ್ರೆ, ಆಸ್ಪತ್ರೆ ಚೀಟಿ, ಒಂದು ಹೊಸ ಟವೆಲ್ ಇದ್ದವು. ಟವೆಲ್ ಹೋಗಿದ್ದಕ್ಕೇ ಜಾಸ್ತಿ ಬೇಜಾರಾಯಿತು. ಆಗ ಅಷ್ಟೇ ಬುದ್ಧಿ.

ನಾನು ಮಾರ್ಕೆಟ್ಟಿನಲ್ಲಿ ಮೆಕ್ಕೆಜೋಳದ ಚೀಲ ಹೊರುತ್ತಿದ್ದೆ. ಸೊಂಟ ನೋವಿಗೆ ಅಂತ ಶುರುವಾದ ಟ್ಯಾಪೆಂಟಡಾಲ್, ಅಂದರೆ ಅಫೀಮಿನ ಥರ ಕೆಲಸ ಮಾಡುವ ನೋವಿನ ಮಾತ್ರೆ, ಚಟವಾಯಿತು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ, ಮೊದಲೇ ಇತ್ತು. ಮನೆ ಆಮೇಲೆ ಹೋಯಿತು.

ಇಂಥ ಚಟಕ್ಕೆ ಕೊಡುವ ಔಷಧಿಯಲ್ಲಿ ಮುಖ್ಯವಾಗಿ ಎರಡಿವೆ. ಮೆಥಡೋನ್ ಅನ್ನುವುದು ಸಿರಪ್. ಸಾಮಾನ್ಯವಾಗಿ ದಿನಾ ಹೋಗಿ ನರ್ಸ್ ಎದುರಿಗೇ ಕುಡಿಯಬೇಕು. ನಮ್ಮ ದೇಶದಲ್ಲಿ ಅದು ಕೆಲವೇ ಕೇಂದ್ರಗಳಲ್ಲಿ ಸಿಗುತ್ತದೆ. ನನಗೆ ಕೊಟ್ಟಿದ್ದು ಬ್ಯುಪ್ರೆನಾರ್ಫಿನ್, ನಾಲಿಗೆ ಕೆಳಗೆ ಇಡುವ ಮಾತ್ರೆ. ಚಟದ ಮಾತ್ರೆ ಬಿಟ್ಟಾಗ ಬರುವ ನಡುಕ, ಬೆವರು, ಆಸೆಯನ್ನು ಎರಡೂ ತಡೆಯುತ್ತವೆ. ಹತ್ತು ದಿನದ ಕೋರ್ಸ್ ಅಲ್ಲ, ವರ್ಷಗಟ್ಟಲೆ ನಡೆಯಬಹುದು.

ಮೊದಲ ಮಾತು: ವಾರದ್ದು ಒಟ್ಟಿಗೆ ಕೊಡಿ ಅಂತ ಕೇಳಬೇಡಿ. ಬೀದಿಯಲ್ಲಿ ಮಲಗುತ್ತೇನೆ ಅಂತ ಡಾಕ್ಟರಿಗೆ ನೇರವಾಗಿ ಹೇಳಿ, ದಿನದ್ದು ಇಲ್ಲವೇ ಎರಡು ದಿನದ್ದು ಸಿಗುತ್ತದಾ ಕೇಳಿ. ಕೈಯಲ್ಲಿರುವ ಮಾತ್ರೆಯನ್ನು ಬ್ಯಾಗಿಗೆ ಹಾಕಬೇಡಿ. ನಾನು ಪ್ಯಾಂಟಿನ ಒಳಗೆ ಸಣ್ಣ ಜೇಬು ಹೊಲಿಸಿದ್ದೇನೆ. ಟೈಲರ್ ಇಪ್ಪತ್ತು ರೂಪಾಯಿ ತಗೊಂಡು, ಏನಿಡ್ತೀಯಾ ಅಂತ ನಕ್ಕ. ಶೀಟಿನಿಂದ ಬಿಡಿಸಬೇಡಿ, ಬೆವರಿಗೆ ಕರಗುತ್ತದೆ. ಕಳುವಾದರೆ ಅವತ್ತೇ ಹೋಗಿ ಹೇಳಿ. ನಾನು ನಾಚಿಕೆಯಿಂದ ನಾಲ್ಕು ದಿನ ಹೋಗಲಿಲ್ಲ. ಹೋದಾಗ ಕೌಂಟರಿನವರೊಬ್ಬರು ಮಾರಿಕೊಂಡಿದ್ದೀಯಾ ಅಂತ ಎಲ್ಲರೆದುರು ಕೂಗಿದರು. ಹೊಟ್ಟೆ ಉರಿಯಿತು, ಆದರೂ ನಿಂತೆ. ಡಾಕ್ಟರ್ ಮತ್ತೆ ಬರೆದುಕೊಟ್ಟರು.

ಬೆಳಗ್ಗೆ ಮೊದಲು ತಿಂಡಿ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿ. ಆಮೇಲೆ ಬಾಯಿ ತೇವ ಮಾಡಿಕೊಂಡು ಮಾತ್ರೆ ನಾಲಿಗೆ ಕೆಳಗೆ. ಐದರಿಂದ ಹತ್ತು ನಿಮಿಷ ಮಾತಿಲ್ಲ, ನೀರಿಲ್ಲ, ಬೀಡಿ ಇಲ್ಲ. ಯಾರಾದರೂ ಟೈಮ್ ಕೇಳಿದರೆ ಬೆರಳಲ್ಲಿ ತೋರಿಸುತ್ತೇನೆ, ಮೂಗ ಅಂದುಕೊಂಡು ಹೋಗುತ್ತಾರೆ. ನುಂಗಿದರೆ ಅದರ ಶಕ್ತಿ ಬಹುಪಾಲು ವ್ಯರ್ಥ. ಪೂರ್ತಿ ಕರಗಿದ ಮೇಲೆ ನೀರು ಮುಕ್ಕಳಿಸಿ, ಹಲ್ಲುಜ್ಜಲು ಒಂದು ಗಂಟೆ ಕಾಯಿರಿ. ಇಲ್ಲದಿದ್ದರೆ ಹಲ್ಲು ಹಾಳಾಗಬಹುದು.

ತಲೆಯ ಕಾಯಿಲೆಯ ಔಷಧಿ ಬೇರೆ, ಚಟದ ಔಷಧಿ ಬೇರೆ ಅಂತ ಇಬ್ಬರು ಡಾಕ್ಟರ ಹತ್ತಿರ ಹೋಗುವವರು ಎರಡೂ ಚೀಟಿ ಇಬ್ಬರಿಗೂ ತೋರಿಸಲೇಬೇಕು. ಬೈಪೋಲಾರಿಗೂ ಮೂರ್ಛೆಗೂ ಕೊಡುವ ಕಾರ್ಬಮಜೆಪೈನ್ ಶುರುವಾದರೆ ಮೆಥಡೋನ್ ರಕ್ತದಲ್ಲಿ ಇಳಿದು ನಡುಕ ಬರುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಹಾಗೇ. ಕೆಲವು ಮಾನಸಿಕ ಔಷಧಿಗಳು ಮೆಥಡೋನ್ ಜೊತೆ ಸೇರಿದರೆ ಹೃದಯದ ಬಡಿತ ಕೆಡಬಹುದು, ಅದಕ್ಕೇ ಇಸಿಜಿ ಕೇಳುತ್ತಾರೆ. ನನಗೆ ಬೈಪೋಲಾರಿಗೆ ಕೊಡುವುದು ಲಿಥಿಯಂ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ನೀರು ಕಮ್ಮಿಯಾದರೆ ಲಿಥಿಯಂ ವಿಷವಾಗುತ್ತದೆ. ಕೈ ಜೋರಾಗಿ ನಡುಗಿ, ವಾಂತಿಯಾಗಿ, ನಾಲಿಗೆ ತೊದಲಿದರೆ ಬಿಸಿಲಿಗೆ ಹೀಗಾಯಿತು ಅಂತ ಮಲಗಬೇಡಿ, ಆಸ್ಪತ್ರೆಗೆ ಓಡಿ. ನೀರಿನ ಬಾಟಲಿ ಸದಾ ಇರಲಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳದೆ ನುಂಗಬೇಡಿ, ಅವೂ ಲಿಥಿಯಂ ಏರಿಸುತ್ತವೆ.

ಫುಟ್‌ಪಾತಿನಲ್ಲಿ ಬೇಗ ನಿದ್ದೆ ಬರಲಿ ಅಂತ ಕ್ವಾರ್ಟರ್ ಹಾಕುವುದು, ನಿದ್ದೆ ಮಾತ್ರೆ ನುಂಗುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಈ ಔಷಧಿಗಳ ಜೊತೆ ಅದು ನಿದ್ದೆಯಲ್ಲೇ ಉಸಿರು ನಿಲ್ಲಿಸಬಹುದು.

ನನ್ನ ದೊಡ್ಡ ಅಪಾಯ ಬೇರೆ. ತಲೆ ಮೇಲಕ್ಕೇರಿದಾಗ ನನಗೆ ಔಷಧಿಯೇ ಬೇಡ ಅನಿಸುತ್ತದೆ. ಅದು ನನಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಚೆನ್ನಾಗಿದ್ದ ಒಂದು ದಿನ, ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಂಡಕ್ಕಿ ಗಾಡಿ ಇಟ್ಟಿರುವ ಅಕ್ಕನಿಗೆ ಹೇಳಿದೆ: ‘ಅಕ್ಕಾ, ನಾನು ಎರಡು ರಾತ್ರಿ ಮಲಗದಿದ್ದರೆ, ಎಲ್ಲರಿಗೂ ಮಿರ್ಚಿ ನನ್ನ ಲೆಕ್ಕಕ್ಕೆ ಅಂದರೆ, ಬೈದು ಆಸ್ಪತ್ರೆಗೆ ಕಳಿಸು.’ ಅಕ್ಕ ಎಣ್ಣೆಯಿಂದ ಕಣ್ಣು ಎತ್ತಲಿಲ್ಲ. ‘ಲೆಕ್ಕ ಅಂದ್ರೆ ನಾನೇ ಕೊಡಲ್ಲ ಬಿಡು’ ಅಂದಳು. ಎರಡು ಸಲ ಕಳಿಸಿದ್ದಾಳೆ. ಚೀಟಿಯ ಫೋಟೋ ಕೂಡ ಅವಳ ಫೋನಿನಲ್ಲಿದೆ. ಅಂಥವರು ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ವಿಷಯಕ್ಕೆ 14446.

ವಿಳಾಸ ಇಲ್ಲ, ರೇಷನ್ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಿದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಹೆಸರು ಹೇಳಿ. ಮನೆ ಇಲ್ಲದವರಿಗೆ ಸರ್ಕಾರಿ ಕಡೆ ಮಾನಸಿಕ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ. ಜೋರು ಮಾಡದೆ ಹೇಳಿ, ಕೆಲಸ ಆಗುತ್ತದೆ.

ಮತ್ತೆ ಚಟಕ್ಕೆ ಜಾರಿದರೆ? ನಾನೂ ಜಾರಿದ್ದೇನೆ. ಟ್ಯಾಪೆಂಟಡಾಲ್ ನುಂಗಿ, ಪಶ್ಚಾತ್ತಾಪವಾಗಿ, ಎರಡು ಗಂಟೆಗೇ ಬ್ಯುಪ್ರೆನಾರ್ಫಿನ್ ಇಟ್ಟುಕೊಂಡೆ. ಅರ್ಧ ಗಂಟೆಯಲ್ಲಿ ಪ್ಲಾಟ್‌ಫಾರ್ಮಿನ ಕಂಬ ಹಿಡಿದು ವಾಂತಿ, ಭೇದಿ, ಮೈಯೆಲ್ಲ ಸೆಳೆತ. ಹಾಗೆ ಮಾಡಬೇಡಿ, ಎಷ್ಟು ಹೊತ್ತು ಕಾಯಬೇಕು ಅಂತ ಡಾಕ್ಟರನ್ನು ಕೇಳಿ. ಮೆಥಡೋನಿನವರು ಮೂರು ದಿನ ತಪ್ಪಿಸಿದ್ದರೆ ಹಳೇ ಅಳತೆ ಕುಡಿಯಬೇಡಿ, ಮೈ ಅದನ್ನು ತಡೆಯುವುದಿಲ್ಲ. ಎಷ್ಟು ದಿನ ತಪ್ಪಿತು ಅಂತ ನರ್ಸಿಗೆ ನಿಜ ಹೇಳಿ, ಅವರು ಕಮ್ಮಿಯಿಂದ ಮತ್ತೆ ಶುರು ಮಾಡುತ್ತಾರೆ.