ಕಪ್ಪಿನೊಳಗಿಂದ ಬಂದ ಅಂಬಿಗ

ಮರದ ಅಚ್ಚಿಗೆ ಕಪ್ಪನ್ನು ಸೇರಿಸಲು ಬರುವುದಿಲ್ಲ. ಉಳಿ ತಾಗಿದಲ್ಲೆಲ್ಲ ಬೆಳಕು, ತಾಗದೆ ಉಳಿದದ್ದೆಲ್ಲ ಕತ್ತಲು. ಇಟಲಿಯ ಕವಿ ದಾಂತೆ ‘ಡಿವೈನ್ ಕಾಮೆಡಿ’ ಕಾವ್ಯದಲ್ಲಿ ಬಣ್ಣಿಸಿದ ನರಕಕ್ಕೆ ಫ್ರೆಂಚ್ ಕಲಾವಿದ ಗುಸ್ತಾವ್ ಡೊರೆ ಮಾಡಿದ ಚಿತ್ರಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅವು ಈ ಮಾಧ್ಯಮದಲ್ಲೇ ಏಕೆ ಹುಟ್ಟಬೇಕಿತ್ತು ಎಂಬುದು ಮಾತ್ರ ತಿಳಿದದ್ದು ಅವುಗಳಲ್ಲಿ ಒಂದನ್ನು ನನ್ನ ಕೈಯಾರೆ ಕೆತ್ತಲು ಕುಳಿತ ಮೇಲೆ.

ನಾನು ಆರಿಸಿಕೊಂಡದ್ದು ನರಕಕಾಂಡದ ಮೂರನೆಯ ಸರ್ಗದಲ್ಲಿ ಬರುವ ಅಂಬಿಗ ಕಾರೋನ್‌ನನ್ನು. ನರಕದ ಅಂಚಿನ ಅಕೆರಾನ್ ನದಿಯ ದಡದಲ್ಲಿ ಸತ್ತವರು ಗುಂಪುಗೂಡಿದ್ದಾರೆ. ಆಗ ಪುರಾತನ ಕೂದಲಿನಿಂದ ಬೆಳ್ಳಗಾದ ಮುದುಕನೊಬ್ಬ ದೋಣಿಯಲ್ಲಿ ತಮ್ಮತ್ತ ಬಂದ ಎನ್ನುತ್ತಾನೆ ದಾಂತೆ. ನಮ್ಮ ವೈತರಣಿಯಲ್ಲಿ ದಾನ ಕೊಟ್ಟ ಹಸುವಿನ ಬಾಲ ಹಿಡಿದು ದಾಟುವ ಆಸೆಯಾದರೂ ಉಂಟು. ಈ ಅಂಬಿಗ ದಾಟಿಸುವುದು ದಂಡನೆಗೇ, ತಡಮಾಡಿದವರಿಗೆ ಹುಟ್ಟಿನ ಏಟು ಬೇರೆ. ಡೊರೆಯ ಚಿತ್ರದಲ್ಲಿ ಅವನು ಅಲೆಗಳ ಮೇಲೆ ನೇರ ನಮ್ಮ ಕಡೆಗೇ ಬರುತ್ತಾನೆ. ಕಪ್ಪಿನಿಂದ ಬಿಳಿಯನ್ನು ಹೊರತೆಗೆಯುವ ಕೆಲಸಕ್ಕೆ ಬೆಳ್ಳಗಿನ ಗಡ್ಡದ ಮುದುಕನಿಗಿಂತ ಒಳ್ಳೆಯ ವಸ್ತು ನನಗೆ ತೋಚಲಿಲ್ಲ.

ಡೊರೆಯ ನರಕಕಾಂಡ ಹೊರಬಂದದ್ದು 1861ರಲ್ಲಿ, ಮೊದಲ ಮುದ್ರಣದ ಖರ್ಚನ್ನು ಆತನೇ ಹಾಕಿದ್ದ. ಆದರೆ ಉಳಿ ಹಿಡಿದವನು ಡೊರೆಯಲ್ಲ. ನುಣುಪಾಗಿ ಉಜ್ಜಿದ ಬಾಕ್ಸ್‌ವುಡ್ ಮರದ ಮೇಲೆ ಆತ ಶಾಯಿ ಮತ್ತು ಬಿಳಿ ಬಣ್ಣದಲ್ಲಿ ಛಾಯೆಗಳನ್ನು ಹರಡಿ ಕೊಡುತ್ತಿದ್ದ, ಎಡಬಲ ತಿರುಗಿಸಿ. ಆ ಮಬ್ಬು ಛಾಯೆಯನ್ನು ಗೆರೆಯಾಗಿಸುವ ಹೊಣೆ ಎಲಿಯೊದೋರ್ ಪಿಸಾನ್‌ನಂಥ ಕೆತ್ತನೆಗಾರರದು. ಮೋಡಕ್ಕೆ ಯಾವ ಗೆರೆ, ನೀರಿಗೆ ಯಾವ ಗೆರೆ, ಮುದಿ ಚರ್ಮಕ್ಕೆ ಯಾವುದು ಎಂಬುದನ್ನು ಅವರ ಕೈ ನಿರ್ಧರಿಸಬೇಕಿತ್ತು. ಹಲವು ಚಿತ್ರಗಳ ಎಡ ಮೂಲೆಯಲ್ಲಿ ಡೊರೆಯ ಹೆಸರೂ ಬಲ ಮೂಲೆಯಲ್ಲಿ ಪಿಸಾನ್‌ನ ಹೆಸರೂ ಇರುವುದು ಅದಕ್ಕೇ. ಪುಸ್ತಕಗಳು ಎಡಗಡೆಯ ಹೆಸರನ್ನು ಮಾತ್ರ ಹೇಳುತ್ತವೆ. ಅದು ಅನ್ಯಾಯ ಎಂದು ನನಗೆ ಈಗ ಖಂಡಿತವಾಗಿ ಅನ್ನಿಸುತ್ತದೆ.

ಮರವನ್ನೇ ಹಿಡಿದದ್ದಕ್ಕೆ ಇನ್ನೊಂದು ಕಾರಣವೂ ಇದೆ. 1481ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾದ ದಾಂತೆಯ ಕಾವ್ಯಕ್ಕೆ ಚಿತ್ರಕಾರ ಬಾಟಿಚೆಲ್ಲಿಯ ಕಲ್ಪನೆಯನ್ನು ಆಧರಿಸಿ ತಾಮ್ರದ ತಗಡಿನಲ್ಲಿ ಚಿತ್ರಗಳನ್ನು ಕೊರೆದಿದ್ದರು. ತಾಮ್ರದಲ್ಲಿ ಶಾಯಿ ತಗ್ಗಿನಲ್ಲಿ ನಿಲ್ಲುತ್ತದೆ, ಅಚ್ಚುಮೊಳೆಯಲ್ಲಿ ಉಬ್ಬಿನ ಮೇಲೆ. ಒಂದೇ ಹಾಳೆಯನ್ನು ಎರಡು ಸಲ ಎರಡು ರೀತಿಯಲ್ಲಿ ಒತ್ತಬೇಕು. ಆ ಯೋಜನೆ 19 ಚಿತ್ರಗಳಿಗೇ ನಿಂತಿತು. ಹೆಚ್ಚಿನ ಪ್ರತಿಗಳಲ್ಲಿ ಎರಡು ಮೂರು ಚಿತ್ರಗಳಷ್ಟೇ ಇವೆ, ಮುಂದಿನ ಸರ್ಗಗಳ ಆರಂಭದಲ್ಲಿ ಚಿತ್ರಕ್ಕೆಂದು ಬಿಟ್ಟ ಜಾಗ ಖಾಲಿ. ಮರದಲ್ಲಿ ಉಬ್ಬೇ ಅಚ್ಚಾಗುವುದರಿಂದ ಈ ತೊಡಕಿಲ್ಲ.

ನನಗೆ ಬಾಕ್ಸ್‌ವುಡ್ ಸಿಗಲಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಬೆಳ್ಳಗೆ, ಎಳೆ ಒತ್ತಾಗಿ ಇರುತ್ತದೆ. ಅದನ್ನೇ ತಂದೆ. ಈ ಕೆಲಸಕ್ಕೆ ಹಲಗೆ ನಡೆಯದು, ಕೊರಡನ್ನು ಬಿಲ್ಲೆಯಂತೆ ಅಡ್ಡ ಕೊಯ್ಯಬೇಕು. ಆಗ ಎಳೆಗಳು ಕಣ್ಣಿಗೆ ನೆಟ್ಟಗೆ ನಿಂತಿರುತ್ತವೆ, ಉಳಿ ಯಾವ ದಿಕ್ಕಿಗೆ ಓಡಿದರೂ ಸಿಬಿರು ಏಳುವುದಿಲ್ಲ. ಮೊದಲ ಬಿಲ್ಲೆಯನ್ನು ಬಿಸಿಲಿಗೆ ಇಟ್ಟು ಕೆಟ್ಟೆ. ನಾಲ್ಕನೆಯ ದಿನಕ್ಕೆ ನಡುವಿನಿಂದ ಅಂಚಿನವರೆಗೆ ಸೀಳಿತ್ತು. ಎರಡನೆಯ ಸಲ ಬಿಲ್ಲೆಗಳಿಗೆ ಅಂಚಿನಲ್ಲಿ ಮೇಣ ಬಳಿದು ಐದು ತಿಂಗಳು ನೆರಳಿನಲ್ಲಿ ಇಟ್ಟೆ. ಆಮೇಲೆ ತಿರುಳು ಬಿಟ್ಟು ಚೌಕ ತುಂಡುಗಳನ್ನು ತೆಗೆದು, ನಾಲ್ಕನ್ನು ಅಂಟಿಸಿ ಅಂಗೈಯಗಲದ ಅಚ್ಚು ಮಾಡಿಕೊಂಡೆ. ಡೊರೆಯ ಕಾಲದಲ್ಲೂ ದೊಡ್ಡ ಚಿತ್ರಗಳಿಗೆ ಹೀಗೇ ಸಣ್ಣ ತುಂಡುಗಳನ್ನು ಜೋಡಿಸುತ್ತಿದ್ದರು. ಬಾಕ್ಸ್‌ವುಡ್ ಗಿಡದ ಕಾಂಡ ದಪ್ಪ ಬೆಳೆಯುವುದಿಲ್ಲ.

ಕೆತ್ತುವಾಗ ಉಳಿ ಹಿಡಿದ ಕೈ ಹೆಚ್ಚು ಚಲಿಸುವುದಿಲ್ಲ. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಅಚ್ಚನ್ನಿಟ್ಟು ಎಡಗೈ ಅದನ್ನು ಉಳಿಯತ್ತ ತಿರುಗಿಸುತ್ತದೆ. ಇದು ಕೈಗೆ ಹತ್ತಲು ನನಗೆ ಮೂರು ವಾರ ಬೇಕಾಯಿತು. ಆಕಾಶದಿಂದ ಶುರುಮಾಡಿದ್ದು ದೊಡ್ಡ ತಪ್ಪು. ಬಿರುಗಾಳಿಯ ಮೋಡಗಳಿಗೆ ಆಸೆಯಿಂದ ಗೆರೆಯ ಮೇಲೆ ಗೆರೆ ಎಳೆದೆ. ಪರೀಕ್ಷೆಗೆಂದು ಒಂದು ಹಾಳೆ ಒತ್ತಿ ನೋಡಿದರೆ ಆಕಾಶ ಮುದುಕನಷ್ಟೇ ಬೆಳ್ಳಗಾಗಿತ್ತು, ಕಾರೋನ್ ಅದರಲ್ಲಿ ಕರಗಿಹೋಗಿದ್ದ. ಕೆತ್ತಿದ್ದನ್ನು ಮರಳಿ ತುಂಬಲು ಆಗದು. ಆ ಅಚ್ಚನ್ನು ಪಕ್ಕಕ್ಕಿಟ್ಟು ಹೊಸದರಲ್ಲಿ ಗಡ್ಡದಿಂದ ಆರಂಭಿಸಿದೆ.

ಗಡ್ಡಕ್ಕೆ ಹನ್ನೊಂದು ಗೆರೆ ಸಾಕಾದವು. ಭುಜಕ್ಕೆ ಮೈಯ ಉಬ್ಬನ್ನು ಅನುಸರಿಸುವ ಬಾಗು ಗೆರೆಗಳು, ನೀರಿಗೆ ತುಂಡು ತುಂಡು. ಹಿಂದಿನ ಕತ್ತಲನ್ನು ಹಾಗೇ ಬಿಟ್ಟೆ. ಆ ಬಿಡುವಿಕೆಗೆ ಕೆತ್ತುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಕಾರೋನ್‌ನ ಕಣ್ಣ ಸುತ್ತ ಬೆಂಕಿಯ ಚಕ್ರಗಳಿದ್ದವು ಎನ್ನುತ್ತದೆ ಕಾವ್ಯ. ಹಳೆಯ ತುಂಡಿನ ಮೇಲೆ ಅದನ್ನು ಆರು ಬಾರಿ ಕೆತ್ತಿ ನೋಡಿದೆ, ಪ್ರತಿ ಸಲವೂ ಕನ್ನಡಕದಂತೆ ಕಂಡಿತು. ಕೊನೆಗೆ ಹುಬ್ಬಿಗೊಂದು, ಕೆನ್ನೆಯ ಮೂಳೆಗೊಂದು ಬಿಳಿ ಗೀರು ಎಳೆದು, ಕಣ್ಣುಗುಳಿಯನ್ನು ಉಳಿ ತಾಗಿಸದೆ ಬಿಟ್ಟೆ. ಈಗ ಅವನು ನೋಡುತ್ತಾನೆ.

ಸ್ವರ್ಗಕಾಂಡದಲ್ಲಿ ಪುಣ್ಯಾತ್ಮರೆಲ್ಲ ಸೇರಿ ರೂಪಿಸುವ ಬೆಳಕಿನ ಗುಲಾಬಿಯನ್ನೂ ಆಮೇಲೆ ಪ್ರಯತ್ನಿಸಿದ್ದೇನೆ. ಕತ್ತಲು ಒಂದಿಷ್ಟಾದರೂ ಉಳಿಯದಿದ್ದರೆ ಬೆಳಕು ಬರೀ ಹಾಳೆಯಾಗಿ ಕಾಣುತ್ತದೆ. ಡೊರೆ ನರಕಕ್ಕೆ 75 ಚಿತ್ರಗಳನ್ನು ಮಾಡಿ ಸ್ವರ್ಗಕ್ಕೆ 18ಕ್ಕೇ ನಿಂತದ್ದಕ್ಕೆ ನಾನು ಬೇರೆ ಕಾರಣ ಹುಡುಕುವುದಿಲ್ಲ.

ಮುದ್ರಣಕ್ಕೆ ಯಂತ್ರ ಬಳಸಲಿಲ್ಲ. ಎಣ್ಣೆಶಾಯಿಯನ್ನು ರೋಲರಿನಿಂದ ಬಹಳ ತೆಳ್ಳಗೆ ಹಚ್ಚಿದೆ, ಸ್ವಲ್ಪ ಹೆಚ್ಚಾದರೂ ಕೂದಲೆಳೆಯ ಗೆರೆಗಳು ತುಂಬಿಹೋಗುತ್ತವೆ. ತೆಳು ನೇಪಾಳಿ ಕಾಗದವನ್ನು ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಸುಮಾರು ಇಪ್ಪತ್ತು ನಿಮಿಷ ಉಜ್ಜಿದೆ. ಕಾಗದ ತೆಳುವಾದ್ದರಿಂದ ಎತ್ತುವ ಮೊದಲೇ ಹಿಂಬದಿಯಿಂದ ಚಿತ್ರ ಮಬ್ಬಾಗಿ ಮೂಡುತ್ತಿತ್ತು: ಮೊದಲು ಹುಟ್ಟು, ಆಮೇಲೆ ಭುಜ, ಕೊನೆಗೆ ಗಡ್ಡ.

ಹನ್ನೆರಡು ಪ್ರತಿ ತೆಗೆಯುವ ಮುನ್ನ ಒಂದು ಕೆಲಸ ಬಾಕಿಯಿತ್ತು. ಕನ್ನಡಿ ನೋಡಿಕೊಂಡು, ಹಾಳೆಯಲ್ಲಿ ಎಡಕ್ಕೆ ಬರುವಂತೆ ಡೊರೆಯ ಹೆಸರನ್ನು ಕೆತ್ತಿದೆ. ಪಿಸಾನ್ ಸಹಿ ಮಾಡುತ್ತಿದ್ದ ಬಲ ಮೂಲೆಯಲ್ಲಿ ನನ್ನ ಹೆಸರಿನ ಎರಡು ಅಕ್ಷರಗಳನ್ನು ಕನ್ನಡದಲ್ಲಿ ಕೆತ್ತಿದೆ.