ಮೀನಿನ ರಸವಿಲ್ಲದ ದ್ವೆನ್‌ಜಾಂಗ್ ಜಿಗೆ

ಕೊರಿಯಾಕ್ಕೆ ಬಂದ ಸಸ್ಯಾಹಾರಿಗಳು ಬಟ್ಟಲಲ್ಲಿ ಮಾಂಸದ ಚೂರು ಹುಡುಕುತ್ತಾರೆ. ಹುಡುಕಬೇಕಾದದ್ದು ಸಾರಿನ ನೀರನ್ನು. ತೋಫು, ಆಲೂಗಡ್ಡೆ, ಸೊಪ್ಪು ಅಷ್ಟೇ ಕಾಣುವ ಜಿಗೆ (ಅಂದರೆ ಮಂದ ಸಾರು) ಕುದಿದಿರುವುದು ಸಾಮಾನ್ಯವಾಗಿ ಮ್ಯೋಲ್ಚಿ ಎಂಬ ಸಣ್ಣ ಒಣಮೀನಿನ ರಸದಲ್ಲಿ. "ಗೋಗಿ ಇದೆಯಾ?" ಎಂದರೆ ಹೋಟೆಲಿನ ಅಜುಮ್ಮಾ ಇಲ್ಲವೆನ್ನುತ್ತಾರೆ, ಸುಳ್ಳಲ್ಲ, ಗೋಗಿ ಅಂದರೆ ಅವರಿಗೆ ಮಾಂಸ, ಮೀನು ಬೇರೆ ಲೆಕ್ಕ. ಮೀನು ತೆಗೆದು ಕೊಡಿ ಅನ್ನುವುದೂ ದಂಡ, ರಸ ಆಗಲೇ ದೊಡ್ಡ ಪಾತ್ರೆಯಲ್ಲಿ ಕುದಿದು ಕೂತಿರುತ್ತದೆ. ಹಾಗಾಗಿ ಸುವೊನ್‌ನಲ್ಲಿ ಮನೆ ಹೂಡಿದ ನಾನು ಇದನ್ನು ಮನೆಯಲ್ಲೇ ಮಾಡುತ್ತೇನೆ. ಇಬ್ಬರಿಗೆ ಸಾಕಾಗುವ ಅಳತೆ ಹೇಳುತ್ತೇನೆ.

ಮೊದಲು ದ್ವೆನ್‌ಜಾಂಗ್. ಸೋಯಾ ಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟಿ ಒಣಗಿಸಿದ ಗಟ್ಟಿಗೆ ಕೊರಿಯನ್ನರು 'ಮೇಜು' ಎನ್ನುತ್ತಾರೆ. ಅದನ್ನು ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕಿ ಹುಳಿಯಲು ಬಿಟ್ಟು, ಮಣ್ಣಿನ ಜಾಡಿಯಲ್ಲಿ ಉಪ್ಪುನೀರಿಗೆ ಹಾಕುತ್ತಾರೆ. ತಿಂಗಳೆರಡು ತಿಂಗಳಾದ ಮೇಲೆ ಬಸಿದ ನೀರು ಗುಕ್‌ಗಾಂಜಾಂಗ್ (ಸಾರಿಗೆ ಹಾಕುವ ಸೋಯಾ ಸಾಸ್), ಉಳಿದ ಗಟ್ಟಿ ದ್ವೆನ್‌ಜಾಂಗ್. ಈ ಜಾಂಗ್ ಮಾಡುವ ಪದ್ಧತಿ 2024ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅಂಗಡಿಯಲ್ಲಿ ಮಾತ್ರ ಪರಂಪರೆ ನಂಬಬೇಡಿ, ಡಬ್ಬಿಯ ಹಿಂಬದಿ ಓದಿ. ಜಿಗೆಗೆಂದೇ ಮಸಾಲೆ ಬೆರೆಸಿ ಮಾರುವುದರಲ್ಲಿ ಮೀನೋ ಚಿಪ್ಪಿನ ರಸವೋ ಇರುವುದುಂಟು. ಕೆಲವದರಲ್ಲಿ ಗೋಧಿಯೂ ಇರುತ್ತದೆ. ಸೋಯಾ, ಉಪ್ಪು, ನೀರು ಇಷ್ಟೇ ಇದ್ದರೆ ಉತ್ತಮ.

ಇನ್ನು ನೀರು. ಅಕ್ಕಿ ತೊಳೆದ ಮೊದಲ ನೀರು ಚೆಲ್ಲಿ, ಎರಡನೆಯದನ್ನು ಅರ್ಧ ಲೀಟರ್‌ಗಿಂತ ತುಸು ಹೆಚ್ಚು ಹಿಡಿದಿಡಿ. ಹೌದು, ಊರಲ್ಲಿ ದನಕ್ಕಿಡುವ ಅಕ್ಕಚ್ಚೇ. ಕೊರಿಯಾದ ಹೆಂಗಸರು ಇದನ್ನು ಜಿಗೆಗೆಂದೇ ತೆಗೆದಿಡುತ್ತಾರೆ, ಸಾರಿಗೆ ಹದವಾದ ಮಂದ ಬರುತ್ತದೆ. ಅದರಲ್ಲಿ ಅಂಗೈ ಅರ್ಧದಷ್ಟಗಲದ ದಾಶಿಮಾ ಎರಡು ತುಂಡು, ಒಣ ಪ್ಯೊಗೊ (ಶಿಟಾಕೆ) ಅಣಬೆ ಮೂರು ಹಾಕಿ ಅರ್ಧ ಗಂಟೆ ನೆನೆಸಿ. ದಾಶಿಮಾ ಕಡಲ ಪಾಚಿಯ ದಪ್ಪ ಎಲೆ. ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ತೊಳೆದು ಕಳೆಯಬೇಡಿ. ಮಣ್ಣಿದ್ದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಹೊತ್ತಿಗೆ ದಾಶಿಮಾ ಹೊರಗೆ. ಬಿಟ್ಟರೆ ಲೋಳೆಯಾಗಿ ಕಹಿ ಬಿಡುತ್ತದೆ. ಅಣಬೆ ಇನ್ನೂ ಹತ್ತು ನಿಮಿಷ ಕುದಿಯಲಿ, ಆಮೇಲೆ ಅದನ್ನೇ ಹೆಚ್ಚಿ ಮತ್ತೆ ಹಾಕಿ. ಪಾಚಿಯ ಗ್ಲುಟಮೇಟು, ಒಣ ಅಣಬೆಯ ಗ್ವಾನಿಲೇಟು ಒಂದಕ್ಕೊಂದು ಕೈಜೋಡಿಸಿ ರುಚಿ ಏರಿಸುತ್ತವೆ. ಮೀನು ಬೇಕೆಂದು ನನಗಂತೂ ಯಾವತ್ತೂ ಅನಿಸಿಲ್ಲ.

ಮುಂದಿನದು ಸಲೀಸು. ಒಂದು ಸಣ್ಣ ಆಲೂಗಡ್ಡೆ ಹೆಚ್ಚಿ ಹಾಕಿ. ಎರಡು ದೊಡ್ಡ ಚಮಚ ದ್ವೆನ್‌ಜಾಂಗನ್ನು ಜರಡಿಯಲ್ಲಿಟ್ಟು, ಸೌಟಿನ ಬೆನ್ನಿನಿಂದ ಒತ್ತಿ ರಸಕ್ಕೆ ಕದಡಿ. ಜಪಾನಿನ ಮಿಸೊ ಕುದಿಸಿದರೆ ಘಮ ಹೋಗುತ್ತದೆ, ಇದು ಕುದಿದಷ್ಟೂ ಒಗ್ಗುತ್ತದೆ. ಆಲೂಗಡ್ಡೆ ಮುಕ್ಕಾಲು ಬೆಂದಾಗ ಅರ್ಧ ಏಹೊಬಾಕ್ (ಎಳೆ ಸೀಮೆಕುಂಬಳ, ಜುಕಿನಿಯಾದರೂ ಸರಿ), ಕೊನೆಯ ಮೂರು ನಿಮಿಷಕ್ಕೆ ಅರ್ಧ ಕಟ್ಟು ತೋಫು, ಸೀಳಿದ ಚೊಂಗ್ಯಾಂಗ್ ಮೆಣಸಿನಕಾಯಿ. ಉಪ್ಪು ನೋಡಿಕೊಂಡೇ ಹಾಕಿ, ಬೇಕೆನಿಸಿದರೆ ಗುಕ್‌ಗಾಂಜಾಂಗ್ ಅರ್ಧ ಚಮಚ.

ಮನೆಯಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೀಳುತ್ತವೆ. ಬೌದ್ಧ ಮಠದ ಅಡುಗೆಯಲ್ಲಿ ಅವಿಲ್ಲ. ಬೆಳ್ಳುಳ್ಳಿ ಇಲ್ಲದ ಕಡೆ ಇಂಗು ಹಾಕುವುದು ನಮ್ಮ ಚಾಳಿಯಲ್ಲವೆ? ಅಲ್ಲಿ ವರ್ಜ್ಯವಾದ ಐದು ಘಾಟುಗಳಲ್ಲಿ ಇಂಗೂ ಒಂದು! ಮಠದ ರುಚಿ ಬೇಕಿದ್ದರೆ ಇಂಗಿನ ಡಬ್ಬಿ ಮುಟ್ಟಬೇಡಿ; ಇಳಿಸಿದ ಮೇಲೆ ಒಂದು ಚಮಚ ಹುರಿದ ದೆಲ್‌ಕ್ಕೆ (ಪೆರಿಲ್ಲಾ ಬೀಜ) ಪುಡಿ ಉದುರಿಸಿ.

ಅನ್ನದ ಜೊತೆ ನಂಜಿಕೊಳ್ಳಲು ಕೊಂಗ್‌ನಾಮುಲ್, ಅಂದರೆ ಸೋಯಾ ಮೊಳಕೆಯ ಪಲ್ಯ. ಬೇಯಿಸುವಾಗ ಮುಚ್ಚಳ ಒಂದೋ ಕೊನೆತನಕ ಮುಚ್ಚಿರಲಿ, ಇಲ್ಲವೆ ತೆರೆದೇ ಇರಲಿ. ನಡುವೆ ತೆಗೆದು ಇಣುಕಿದರೆ ಹಸಿ ವಾಸನೆ ಉಳಿಯುತ್ತದೆ. ಬಸಿದು, ಗುಕ್‌ಗಾಂಜಾಂಗ್, ಎಳ್ಳೆಣ್ಣೆ, ಹುರಿದ ಎಳ್ಳು ಹಾಕಿ ಕೈಯಲ್ಲೇ ಕಲಸಿ. ಗೊಸಾರಿ ಎಂಬ ಒಣ ಜರೀಗಿಡದ ಚಿಗುರು ತಂದರೆ ಅವಸರ ಬೇಡ, ಕಳಲೆಯ ಹಾಗೆ ಅದರ ನೀರೂ ಚೆಲ್ಲಬೇಕಾದದ್ದೇ: ರಾತ್ರಿ ನೆನೆಸಿ, ಕುದಿಸಿ, ನೀರು ಬದಲಿಸಿ ಮತ್ತೆ ನೆನೆಸಿ, ಆಮೇಲೆ ಒಗ್ಗರಣೆಗೆ. ಕಿಮ್ಚಿ ಬೇಕೆಂದರೆ ಅದರ ಡಬ್ಬಿಯನ್ನೂ ಓದಿ, ಉಪ್ಪು ಹಾಕಿದ ಸೀಗಡಿಯೋ ಮೀನಿನ ಸಾಸೋ ಬಹುತೇಕ ಎಲ್ಲದರಲ್ಲೂ ಇರುತ್ತದೆ.