ಮೂರು ಸಾಕ್ಷಿ, ಅರುವತ್ತು ಎಲೆ

ಸಣ್ಣ ಮಗಳ ಮದುವೆಯನ್ನು ಅರುವತ್ತು ಜನರಲ್ಲಿ ಮುಗಿಸುತ್ತೇನೆ ಎಂದಾಗ ಭಾವ ಕೇಳಿದ್ದು ಒಂದೇ ಮಾತು: "ನಿನಗೆಂತ ಮರ್ಲಾ?" ಮದುವೆ ಕಳೆದು ಎರಡು ವರ್ಷವಾಯಿತು. ಮಗಳು, ಅಳಿಯ ಚೆನ್ನಾಗಿದ್ದಾರೆ, ನನಗೆ ಸಾಲ ಇಲ್ಲ. ಇನ್ನು ಬರೆಯಬಹುದು.

ದೊಡ್ಡವಳದ್ದು 2017ರಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಾಲ್‌ನಲ್ಲಿ. ಏಳುನೂರು ಎಲೆ ಎಂದುಕೊಂಡದ್ದು ಒಂಬೈನೂರಕ್ಕೆ ಹೋಯಿತು. ಚಿನ್ನ ಬಿಟ್ಟು ಎಂಟೂವರೆ ಲಕ್ಷ. ಅದಕ್ಕಾಗಿ ಅಟ್ಟದಲ್ಲಿದ್ದ ಅಡಿಕೆಯನ್ನು ಕಿಲೋಗೆ 200 ಚಿಲ್ಲರೆಗೆ ಕೊಟ್ಟೆ. ನಾಲ್ಕು ವರ್ಷದಲ್ಲಿ ರೇಟು 400 ದಾಟಿದಾಗ ಹೊಟ್ಟೆ ಎಷ್ಟು ಉರಿಯಿತೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕೊರೊನಾಕ್ಕೆ ಕರ್ನಾಟಕದ ತಲಪಾಡಿ ಗಡಿ ಮುಚ್ಚಿದ 2020ರಲ್ಲಿ ನೆರೆಮನೆಯಲ್ಲಿ ಇಪ್ಪತ್ತು ಜನರ ಮದುವೆ ಆಯಿತು. ಸುಧರಿಕೆಗೆ ನಿಂತವನು ನಾನೇ. ಬಡಿಸಿ, ಉಂಡು, ಕೈ ತೊಳೆಯುವಾಗ ಒಂದು ಗಂಟೆಯೂ ಆಗಿರಲಿಲ್ಲ. ತಲೆಗೆ ಹುಳ ಹೊಕ್ಕಿದ್ದು ಅಲ್ಲಿ.

ಹೆಂಡತಿಗೆ ದೇವಸ್ಥಾನದ ಮದುವೆ ಮನಸ್ಸಿನಲ್ಲಿತ್ತು. ರಸೀದಿಯ ಖರ್ಚು ಕಡಿಮೆ, ಒಪ್ಪಿದೆ. ಆದರೆ ದರ್ಶನಕ್ಕೆಂದು ಬಂದ ನೆಂಟರಿಗೆ ಎದುರು ನಿಂತು ಊಟಕ್ಕೆ ಏಳಿ ಎನ್ನದಿರಲು ಆಗುತ್ತದೆಯೇ? ಲೆಕ್ಕ ಮತ್ತೆ ಮುನ್ನೂರು. ಮಗಳು ಕುವೆಂಪು ಹೇಳಿದ ಮಂತ್ರಮಾಂಗಲ್ಯ ಎಂದಳು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಗಂಡುಹೆಣ್ಣು ಪ್ರತಿಜ್ಞೆ ಓದಿದರಾಯಿತು. ನನಗೆ ಇಷ್ಟವಾಯಿತು, ಬೀಗರಿಗೆ ಆಗಲಿಲ್ಲ. ಹೇಗೂ ಕಾಗದಕ್ಕೆ ನೋಂದಣಿ ಬೇಕೇ ಬೇಕು. ಹಾಗಾದರೆ ನೋಂದಣಿಯನ್ನೇ ಮದುವೆ ಮಾಡಿ, ಮಧ್ಯಾಹ್ನ ಮನೆಯಂಗಳದಲ್ಲಿ ಊಟ ಹಾಕುವುದೆಂದು ನಿಶ್ಚಯಿಸಿದೆ. ಕಚೇರಿಯೊಳಗೆ ಬೇಕಾದದ್ದು ಮೂರು ಸಾಕ್ಷಿ ಮಾತ್ರ, ನನಗೆ ಅದಕ್ಕಿಂತ ಗಟ್ಟಿ ಬಾಗಿಲು ಇನ್ನೊಂದು ಸಿಗುತ್ತಿರಲಿಲ್ಲ.

ಎಡವಿದ್ದೂ ಅಲ್ಲೇ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕೆಂದು ಗೊತ್ತಿತ್ತು. ನೋಟಿಸಿಗೆ ಮೊದಲೂ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕೆಂಬುದು ಗೊತ್ತಿರಲಿಲ್ಲ. ಮಗಳು ಬೆಂಗಳೂರಿನಿಂದ ಬಂದು ಒಂಬತ್ತು ದಿನ ಆಗಿತ್ತಷ್ಟೆ. ಹುಡುಗ ಪುತ್ತೂರಿನವನು, ಆ ಕಡೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೆಣ್ಣಿನ ಕಡೆಯಲ್ಲೇ ಆಗಬೇಕೆಂದು ನನಗೆ ಹಠ. ಅವಳು ಮನೆಯಿಂದಲೇ ಕೆಲಸ ಮಾಡುತ್ತ ತಿಂಗಳು ಕೂತಳು. ಎರಡನೇ ಸಲ ಹೋದರೆ ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಕೈಗೆ ಕೊಟ್ಟ ಫಾರ್ಮು ಮಲಯಾಳದಲ್ಲಿ. ಕನ್ನಡದ್ದು ಕೇಳಿದ್ದಕ್ಕೆ ಮುಂದಿನ ವಾರ ಬನ್ನಿ ಎಂದರು. ಮೂರು ತಿರುಗಾಟ, ಮೂರು ದಿನದ ತೋಟದ ಕೆಲಸ ಹೋಯಿತು. ನೋಟಿಸ್ ಕೊಟ್ಟ ಮೇಲೂ ಮೈಮರೆಯಬಾರದು, ಮೂರು ತಿಂಗಳು ದಾಟಿದರೆ ಮೊದಲಿಂದ ಶುರು.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ನೋಟಿಸನ್ನು ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಜಾಗದ ಕಾಗದಕ್ಕೆ ಬಂದ ಯಾರೋ ಓದಿ ದೊಡ್ಡಪ್ಪನ ಕಿವಿಗೆ ಮುಟ್ಟಿಸಿದರು. ನಾನು ಮದುವೆಗೆ ಕರೆಯಲು ಹೋಗುವ ಮೊದಲೇ "ಹುಡುಗಿ ಓಡಿಹೋದಳಂತೆ" ಎಂದು ಊರು ತುಂಬಿತ್ತು. ಹಿರಿಯರಿಗೆ ಮೊದಲು ಹೇಳಿ, ಆಮೇಲೆ ನೋಟಿಸ್ ಕೊಡಿ. ದೊಡ್ಡಪ್ಪನನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಬರೆಯುವುದಿಲ್ಲ, ಅವರೂ ಓದುತ್ತಾರೆ. ಅರುವತ್ತರ ಪಟ್ಟಿಯಿಂದ ಯಾರನ್ನು ಹೇಗೆ ಬಿಟ್ಟೆ ಎಂಬುದೂ ನನ್ನಲ್ಲೇ ಇರಲಿ.

ನಡುವೆ ಒಂದು ಮರುಳು ಹಿಡಿಯಿತು. ಮೇ ತಿಂಗಳು, ತೋಟದಲ್ಲಿ ಹಲಸು ಕೊಳೆಯುತ್ತಿತ್ತು, ಪಾಯಸ ಅದರದ್ದೇ ಎಂದೆ. ಮೊದಲ ಭಾನುವಾರ ದಪ್ಪ ಕಾಯಿಹಾಲು ಹಾಕಿ ಕುದಿಸಿದೆ, ಒಡೆಯಿತು. ಅದನ್ನು ಕೊನೆಗೆ, ಒಲೆಯಿಂದ ಇಳಿಸಿದ ಮೇಲೆ ಹಾಕಬೇಕೆಂದು ಅಡುಗೆ ಭಟ್ಟರು ನಗುತ್ತ ಹೇಳಿದರು. ಎರಡನೆಯ ಸಲ ಬೆಲ್ಲ ಹೆಚ್ಚಾಯಿತು. ಮೂರನೆಯದು, ಹೊಗಳಿಕೊಳ್ಳುವುದಲ್ಲ, ಹಾಲ್‌ನ ಯಾವ ಹೋಳಿಗೆಗೂ ಕಡಿಮೆ ಇರಲಿಲ್ಲ. ಅಡಿಕೆ ಹಾಳೆಯ ತಟ್ಟೆಯನ್ನೂ ಪರೀಕ್ಷಿಸಿದೆ, ಸಾರು ಹಾಕಿದರೆ ಅಂಚಿನಲ್ಲಿ ಸೋರಿತು. ಬಾಳೆಲೆಯೇ ಸೈ.

ಆ ದಿನ ಕಚೇರಿಯ ಮೇಜಿನ ಮೇಲೆ ನೀಲಿ ಮಸಿಯ ಪ್ಯಾಡು, ಪಕ್ಕದಲ್ಲಿ ಮಗಳ ಜಡೆಯಿಂದ ಉದುರಿದ ಎರಡು ಮಲ್ಲಿಗೆ ಮೊಗ್ಗು. ಗಂಡುಹೆಣ್ಣು ಒಬ್ಬರನ್ನೊಬ್ಬರು ಒಪ್ಪಿದೆನೆಂದು ಬಾಯಿಬಿಟ್ಟು ಹೇಳಬೇಕು, ತಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಆದೀತು. ಫಾರ್ಮಿನ ಸಿಟ್ಟು ಅವಳಿಗೂ ಇತ್ತೇನೋ, ಒಂದೊಂದು ಅಕ್ಷರ ಬಿಡಿಸಿ ಕನ್ನಡದಲ್ಲೇ ಹೇಳಿದಳು. ಅಧಿಕಾರಿ ಪೆನ್ನು ಹಿಡಿದು ಕೇಳುತ್ತ ಕೂತರು. ಅಳಿಯನ ಸ್ವರ ಸರಿಯಾಗಿ ಹೊರಡಲಿಲ್ಲ, ಎರಡನೇ ಸಲ ಹೇಳಿಸಿದರು. ಕರಿಮಣಿ ಕಟ್ಟಿಸಿದ್ದು ಮನೆಗೆ ಬಂದು, ತುಳಸಿಕಟ್ಟೆಯ ಎದುರು. ಅದು ಹೆಂಡತಿಯ ಷರತ್ತು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಊಟ 14,000, ಚಪ್ಪರ 9,000, ಬಟ್ಟೆ 28,000, ಗಾಡಿ ಆರೇಳು ಸಾವಿರ, ಫೋಟೋ 8,000, ಮಲ್ಲಿಗೆ ಇತ್ಯಾದಿ ನಾಲ್ಕು. ಕಚೇರಿಯ ಫೀಸು ಲೆಕ್ಕಕ್ಕೆ ಬರುವಂಥದ್ದಲ್ಲ. ಒಟ್ಟು ಎಪ್ಪತ್ತು ಸಾವಿರದ ಆಸುಪಾಸು. ಅರುವತ್ತು ಎಲೆ ಎಂದದ್ದು ಎಪ್ಪತ್ತೆಂಟಾಯಿತು, ಒಪ್ಪಿಕೊಳ್ಳುತ್ತೇನೆ. ಕೊನೆಯ ಪಂಕ್ತಿಗೆ ಪಾಯಸ ಸಾಲಲಿಲ್ಲ, ನನಗೂ ಸಿಗಲಿಲ್ಲ.

ಮೊನ್ನೆ ಭಾವ ಫೋನ್ ಮಾಡಿದರು. ಅಡಿಕೆ ರೇಟು, ಮಳೆ ಎಲ್ಲ ಮಾತಾಡಿ ಕೊನೆಗೆ, "ಆ ಮೂವತ್ತು ದಿನ ಎಲ್ಲಿಂದ ಲೆಕ್ಕ ಮಾರಾಯ?" ಎಂದರು. ಅವರ ಮಗ ಇರುವುದು ದುಬಾಯಿಯಲ್ಲಿ.

"ಹುಡುಗಿ ಎಲ್ಲಿಯವಳು, ಅದು ಹೇಳಿ ಮೊದಲು" ಎಂದೆ.